ಕಡಲ ದಂಡೆಯ ಬಿಡಾರ, ವ್ಯಾಪಾರಿಯ ರಾತ್ರಿ

ವ್ಯಾಪಾರಕ್ಕೂ ಸಂಚಾರಕ್ಕೂ ಇರುವ ನಂಟು ಬಿಡಿಸಲಾಗದ್ದು. ಅಂಗಡಿಯ ಗಾದಿಯ ಮೇಲೆ ಕುಳಿತು ಖಾತೆ-ಕಿರ್ದಿ ಬರೆಯುವವರೂ ವರ್ಷದಲ್ಲಿ ಒಂದೆರಡು ಸಲವಾದರೂ ಪೆಟ್ಟಿಗೆ ಹಿಡಿದು ದೊಡ್ಡ ಪೇಟೆಯ ಹಾದಿ ತುಳಿಯಲೇಬೇಕು. ಉತ್ತರ ಕರ್ನಾಟಕದ ಮನೆತನಗಳಿಗೆ ಆ ದೊಡ್ಡ ಪೇಟೆಯೆಂದರೆ ಬಹುಕಾಲದವರೆಗೆ ಮುಂಬಯಿಯೇ ಆಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಸೀಮೆಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದವು. ಹುಬ್ಬಳ್ಳಿ-ಗದಗಿನ ಹತ್ತಿ ಅತ್ತ ಹೋಗುತ್ತಿತ್ತು. ಗಿರಣಿಯ ಬಟ್ಟೆ ಇತ್ತ ಬರುತ್ತಿತ್ತು. ಆ ಹಾದಿ ಇಂದಿಗೂ ಮುಚ್ಚಿಲ್ಲ.

ನಮ್ಮ ಹಿರಿಯರು ಹಾಗೆ ಹೋದಾಗ ಇಳಿದುಕೊಳ್ಳುತ್ತಿದ್ದುದು ಪರಿಚಿತರ ಪೇಢಿಯ ಅಟ್ಟದಲ್ಲಿ, ಧರ್ಮಶಾಲೆಯಲ್ಲಿ, ಇಲ್ಲವೇ ಬಂಧುಗಳ ಒಂದೇ ಖೋಲಿಯ ಚಾಳಿನಲ್ಲಿ. ಹಾಸಿಗೆ ಸುರುಳಿಯೂ ಬುತ್ತಿಯೂ ಜೊತೆಗೇ ಹೋಗುತ್ತಿದ್ದವು. ಇಂದು ಆ ಪದ್ಧತಿ ಉಳಿದಿಲ್ಲ. ಮಗನೋ ಸೊಸೆಯೋ ವ್ಯಾಪಾರದ ನಿಮಿತ್ತ ಹೊರಟರೆ ಹೋಟೆಲಿನ ಕೋಣೆಯೇ ಬಿಡಾರ. ಅದರಲ್ಲಿಯೂ ಕಡಲ ದಂಡೆಯ ಹೋಟೆಲೆಂದರೆ ಎಲ್ಲರಿಗೂ ಒಂದು ಮೋಹವುಂಟು. ಈ ಮೋಹಕ್ಕೆ ತೆರುವ ಹಣ ಯಾವುದಕ್ಕೆ ಸಲ್ಲುತ್ತದೆ, ಅಂಥ ಬಿಡಾರದಲ್ಲಿ ನಾವು ನಿಜವಾಗಿ ಕೊಳ್ಳುವುದೇನು, ಒಪ್ಪಿಸುವುದೇನು ಎಂಬುದನ್ನು ಮುಂಬಯಿಯ ನಿದರ್ಶನದಿಂದಲೇ ವಿಚಾರಿಸುವುದು ಈ ಲೇಖನದ ಉದ್ದೇಶ.

ಎರಡು ದಂಡೆಗಳು

ಮುಂಬಯಿಯ ದಕ್ಷಿಣದ ತುದಿ ಕಡಲಿನೊಳಕ್ಕೆ ಚಾಚಿದ ನಾಲಿಗೆಯಂತಿದೆ. ಆದುದರಿಂದ ಅಲ್ಲಿ ದಂಡೆಗಳು ಎರಡು. ಪೂರ್ವಕ್ಕೆ ಅಪೋಲೋ ಬಂದರು. ಪಶ್ಚಿಮಕ್ಕೆ ಮರೀನ್ ಡ್ರೈವ್. ಮೊದಲನೆಯದರ ಎದುರಿಗಿರುವುದು ಬಂದರಿನ ಶಾಂತವಾದ ನೀರು, ಹಡಗುಗಳು, ದೋಣಿಗಳು. ಅಲ್ಲಿ ಕಾಣುವುದು ಸೂರ್ಯೋದಯ. ಎರಡನೆಯದರ ಎದುರಿಗೆ ತೆರೆದ ಅರಬ್ಬೀ ಸಮುದ್ರ. ಅಲ್ಲಿ ಕಾಣುವುದು ಸೂರ್ಯಾಸ್ತ. ಮಳೆಗಾಲದಲ್ಲಿ ನೈಋತ್ಯದ ಗಾಳಿ ಬಡಿಯುವುದು ಪಶ್ಚಿಮದ ದಂಡೆಗೆ. ದೊಡ್ಡ ಭರತಿಯ ದಿನಗಳಲ್ಲಿ ಅಲ್ಲಿಯ ತಡೆಗೋಡೆಯನ್ನು ದಾಟಿ ತೆರೆಗಳು ರಸ್ತೆಗೇ ಎರಚುತ್ತವೆ. ಕೋಣೆಯನ್ನು ಗೊತ್ತು ಮಾಡುವಾಗ ಈ ಭೇದವನ್ನು ಅರಿತಿರುವುದು ಒಳ್ಳೆಯದು. ಬೆಳಿಗ್ಗೆ ಬೇಗ ಎದ್ದು ಪೇಟೆಗೆ ಹೊರಡುವವರಿಗೆ ಪೂರ್ವದ ದಂಡೆ ಅನುಕೂಲ. ಸಂಜೆ ಕೆಲಸ ತೀರಿಸಿಕೊಂಡು ನಾಲ್ಕು ಹೆಜ್ಜೆ ಅಡ್ಡಾಡುವವರಿಗೆ ಪಶ್ಚಿಮದ್ದು.

ಮರೀನ್ ಡ್ರೈವಿನ ಉದ್ದ ಮೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಕಡಲನ್ನು ಹಿಂದೆ ಸರಿಸಿ ಪಡೆದ ನೆಲದ ಮೇಲೆ ಅದು ಹಬ್ಬಿದೆ. ರಾತ್ರಿ ದೀಪಗಳು ಹೊತ್ತಿದಾಗ ಬಾಗಿದ ಆ ಸಾಲು ಹಾರದಂತೆ ತೋರುವುದರಿಂದ ‘ರಾಣಿಯ ಕಂಠಹಾರ’ವೆಂಬ ಹೆಸರು ಅದಕ್ಕೆ ಬಂದಿದೆ. ಅಲ್ಲಿಯ ದುಂಡು ಮೂಲೆಗಳ ಹಳೆಯ ಕಟ್ಟಡಗಳು ಆರ್ಟ್ ಡೆಕೋ ಎಂಬ ಶೈಲಿಗೆ ಸೇರಿದವು. ಅವುಗಳನ್ನೂ ಓವಲ್ ಮೈದಾನದ ಸುತ್ತಲಿನ ಗೋಥಿಕ್ ಕಟ್ಟಡಗಳನ್ನೂ ಕೂಡಿಸಿ ಯುನೆಸ್ಕೋ ಸಂಸ್ಥೆಯು 2018ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಸಾರಿತು.

ಹೆಬ್ಬಾಗಿಲಿಗಿಂತ ಹಿರಿದಾದ ಹೋಟೆಲು

ಅಪೋಲೋ ಬಂದರಿನಲ್ಲಿ ‘ಗೇಟ್‌ವೇ ಆಫ್ ಇಂಡಿಯಾ’ದ ಎದುರಿಗೆ ನಿಂತವರು ಸಾಮಾನ್ಯವಾಗಿ ಮೊದಲು ಹೆಬ್ಬಾಗಿಲು ಕಟ್ಟಿದರೆಂದೂ ಆಮೇಲೆ ಅದರ ಬದಿಯಲ್ಲಿ ತಾಜಮಹಲ್ ಹೋಟೆಲು ಎದ್ದಿತೆಂದೂ ಭಾವಿಸುತ್ತಾರೆ. ಸಂಗತಿ ತಿರುಗುಮುರುಗು. ಹೋಟೆಲು ತೆರೆದದ್ದು 1903ರ ಡಿಸೆಂಬರ್ 16ರಂದು. ಹೆಬ್ಬಾಗಿಲಿಗೆ ಅಡಿಗಲ್ಲು ಬಿದ್ದದ್ದು ಆಮೇಲೆ, ಅದು ಪೂರ್ತಿಯಾಗಿ ಉದ್ಘಾಟನೆಗೊಂಡದ್ದು 1924ರ ಡಿಸೆಂಬರ್ 4ರಂದು. ಅಂದರೆ ಇಪ್ಪತ್ತು ವರ್ಷಗಳ ಕಾಲ ಹಡಗಿನಲ್ಲಿ ಬರುವವರನ್ನು ದಂಡೆಯಲ್ಲಿ ಎದುರುಗೊಳ್ಳುತ್ತಿದ್ದುದು ಈ ಹೋಟೆಲಿನ ಗುಮ್ಮಟವೇ.

ಅದನ್ನು ಕಟ್ಟಿಸಿದವರು ಜಮಶೇಟಜಿ ಟಾಟಾ. ವಾಟ್ಸನ್ ಹೋಟೆಲಿನಲ್ಲಿ ಅವರಿಗೆ ಪ್ರವೇಶ ನಿರಾಕರಿಸಿದರೆಂದೂ ಆ ಅಪಮಾನದಿಂದಲೇ ತಾಜ್ ಹುಟ್ಟಿತೆಂದೂ ಒಂದು ಕಥೆ ಪ್ರಚಾರದಲ್ಲಿದೆ; ಇತಿಹಾಸಜ್ಞರು ಅದನ್ನು ಸಂದೇಹದಿಂದಲೇ ನೋಡುತ್ತಾರೆ. ಹೋಟೆಲಿನ ನಕಾಶೆಯನ್ನು ಸೀತಾರಾಮ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ ಎಂಬ ಭಾರತೀಯ ವಾಸ್ತುತಜ್ಞರು ರಚಿಸಿದರು, ಡಬ್ಲ್ಯು. ಎ. ಚೇಂಬರ್ಸ್ ಕೆಲಸವನ್ನು ಪೂರ್ತಿಗೊಳಿಸಿದರು. ಹೋಟೆಲಿನ ಮುಂಭಾಗವನ್ನು ಮರೆತು ಹಿಂದುಮುಂದಾಗಿ ಕಟ್ಟಿದರೆಂಬ ಇನ್ನೊಂದು ಕಟ್ಟುಕಥೆಯೂ ಕೇಳಿಬರುತ್ತದೆ. ಮೊದಲಿನ ಬಾಗಿಲು ಊರಿನ ಕಡೆಗೆ, ಈಗ ಈಜುಕೊಳವಿರುವ ಕಡೆಗೆ ಇದ್ದದ್ದು ನಿಜ. ಆದರೆ ಅದು ತಪ್ಪಿನಿಂದ ಆದದ್ದಲ್ಲ. ಗಾಡಿಗಳು ಊರ ಕಡೆಯಿಂದ ಬರುವಂತೆ, ಕೋಣೆಗಳಿಗೆ ಕಡಲಿನ ನೋಟ ದಕ್ಕುವಂತೆ ಮಾಡಿದ ಏರ್ಪಾಡು ಅದು.

ಕನ್ನಡಿಗರಿಗೆ ಜಮಶೇಟಜಿಯವರ ಹೆಸರು ಹೊಸದಲ್ಲ. ಬೆಂಗಳೂರಿನ ಬಸವನಗುಡಿಯ ಬಳಿಯ ‘ಟಾಟಾ ಸಿಲ್ಕ್ ಫಾರಂ’ ಅವರ ರೇಷ್ಮೆಯ ಪ್ರಯೋಗದ ನೆನಪು. 1909ರಲ್ಲಿ ಸ್ಥಾಪನೆಗೊಂಡ ಭಾರತೀಯ ವಿಜ್ಞಾನ ಸಂಸ್ಥೆಯು ಅವರ ಸಂಕಲ್ಪದ ಫಲ. ಹೋಟೆಲು ತೆರೆದ ಮರುವರ್ಷವೇ, 1904ರಲ್ಲಿ, ಅವರು ಕಾಲವಾದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅವರ ಹೋಟೆಲು 600 ಹಾಸಿಗೆಗಳ ಆಸ್ಪತ್ರೆಯಾಗಿ ಮಾರ್ಪಟ್ಟಿತ್ತು.

ನಮ್ಮ ಬಿಡಾರ

ಇಂಥ ಅರಮನೆಯಲ್ಲಿ ತಂಗುವುದು ಎಲ್ಲರಿಗೂ ಸಾಧ್ಯವಲ್ಲ, ಸಾಧುವೂ ಅಲ್ಲ. ನಾವು ಬಟ್ಟೆಯ ಖರೀದಿಗೆಂದು ಹೋದಾಗ ಇಳಿದುಕೊಂಡದ್ದು ಅದೇ ದಂಡೆಯ ಸಾಲಿನಲ್ಲಿರುವ ಒಂದು ಸಾಧಾರಣ ಹೋಟೆಲಿನಲ್ಲಿ. ಅಲ್ಲಿಂದ ಮೂಲಜಿ ಜೇಠಾ ಮಾರುಕಟ್ಟೆ, ಮಂಗಳದಾಸ್ ಮಾರುಕಟ್ಟೆಗಳಿಗೆ ಟ್ಯಾಕ್ಸಿಯಲ್ಲಿ ಹೋಗಿಬರುವುದು ಸುಲಭ. ಕೋಣೆ ಕಿರಿದು, ಕಿಟಕಿ ಮಾತ್ರ ಹಿರಿದು. ಕಡಲು ಕಾಣುವ ಕೋಣೆಗೂ ಹಿಂದಿನ ಓಣಿ ಕಾಣುವ ಕೋಣೆಗೂ ಬಾಡಿಗೆಯಲ್ಲಿ ಸಾಕಷ್ಟು ಅಂತರವಿತ್ತು.

ಸಾಮಾನು ಹೊತ್ತು ತಂದ ಹುಡುಗ ಕುಂದಾಪುರದ ಕಡೆಯವನು. ನಮ್ಮ ಮಾತು ಕೇಳಿ ಕನ್ನಡದಲ್ಲಿಯೇ ನುಡಿದ. ನಾವು ಒಳಗೆ ಬಂದವರೇ ಕಿಟಕಿಯ ಪರದೆ ಸರಿಸಲು ಮುಂದಾದೆವು. ಅವನು ಬಾಗಿಲಲ್ಲಿಯೇ ನಿಂತು, “ಸರ್, ಮೊದಲು ಮೆಟ್ಟಿಲು ನೋಡಿಕೊಳ್ಳಿ, ಬನ್ನಿ. ಕಡಲು ಎಲ್ಲಿಗೂ ಹೋಗುವುದಿಲ್ಲ, ಬೆಳಿಗ್ಗೆಯೂ ಅಲ್ಲೇ ಇರ್ತದೆ,” ಎಂದ. ಪಡಸಾಲೆಯ ಕೊನೆಯಲ್ಲಿದ್ದ ಮೆಟ್ಟಿಲಿನ ಬಾಗಿಲನ್ನು ತೆರೆದು ತೋರಿಸಿ, ನಮ್ಮ ಕೋಣೆಯಿಂದ ಅಲ್ಲಿಗೆ ಎಷ್ಟು ಬಾಗಿಲುಗಳೆಂದು ನಮ್ಮಿಂದಲೇ ಎಣಿಸಿದ. ನಾಲ್ಕು. ಇದನ್ನು ಯಾರು ಕಲಿಸಿದರೆಂದು ಕೇಳಿದಾಗ, “ಈ ರಸ್ತೆಯಲ್ಲಿ ಕೆಲಸ ಮಾಡುವವರಿಗೆ ಯಾರೂ ಕಲಿಸಬೇಕಿಲ್ಲ, ಸರ್,” ಎಂದಷ್ಟೇ ಹೇಳಿ ಕೆಳಗಿಳಿದ. ಅವನ ಮಾತಿನ ಅರ್ಥವನ್ನು ಮುಂದೆ ವಿವರಿಸುತ್ತೇವೆ.

ಖರ್ಚಿನ ವಿಷಯದಲ್ಲಿ ವ್ಯಾಪಾರಿ ಕುಟುಂಬಗಳು ತಿಳಿದಿರಬೇಕಾದ ಒಂದು ಮಾತುಂಟು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿಗಳವರೆಗಿನ ಕೋಣೆಯ ಬಾಡಿಗೆಗೆ ಜಿಎಸ್‌ಟಿ ಶೇಕಡಾ 5. ಅದಕ್ಕೆ ಮೇಲ್ಪಟ್ಟರೆ ಶೇಕಡಾ 18. ಬಿಲ್ಲಿನ ಮೇಲೆ ನಮ್ಮ ಪೇಢಿಯ ನೋಂದಣಿ ಸಂಖ್ಯೆ ಬರೆಸಿದರೆ ತೆರಿಗೆಯೆಲ್ಲ ಜಮೆಯಾಗಿ ಬರುವುದೆಂದು ಅನೇಕರು ನಂಬಿದ್ದಾರೆ. ವಸತಿಯ ಸೇವೆಗೆ ಕಟ್ಟಡವಿರುವ ರಾಜ್ಯದ ತೆರಿಗೆಯೇ ಬೀಳುತ್ತದೆ. ಆದಕಾರಣ ಮುಂಬಯಿಯ ಹೋಟೆಲಿನ ಬಿಲ್ಲಿನಲ್ಲಿರುವುದು ಕೇಂದ್ರದ ಪಾಲು ಮತ್ತು ಮಹಾರಾಷ್ಟ್ರದ ಪಾಲು. ಕರ್ನಾಟಕದಲ್ಲಿ ಮಾತ್ರ ನೋಂದಣಿಯುಳ್ಳ ವ್ಯಾಪಾರಿಗೆ ಅದರ ಜಮೆ ದೊರೆಯುವುದಿಲ್ಲ. ಕಡಲಿನ ನೋಟಕ್ಕೆ ಹೆಚ್ಚು ತೆರುವವರು ಆ ತೆರಿಗೆಯನ್ನೂ ಖರ್ಚಿನ ಕಲಮಿಗೇ ಹಾಕಿ ಲೆಕ್ಕ ನೋಡಬೇಕು.

ಬೆಳಗಿನ ಪೂಜೆಯ ನಿಯಮವುಳ್ಳವರಿಗೂ ಒಂದು ಸೂಚನೆ. ಹೋಟೆಲಿನ ಕೋಣೆಗಳಲ್ಲಿ ಹೊಗೆಯನ್ನು ಪತ್ತೆಹಚ್ಚುವ ಉಪಕರಣಗಳಿರುತ್ತವೆ. ಊದುಬತ್ತಿ, ಕರ್ಪೂರಗಳನ್ನು ಹಚ್ಚುವುದು ಸಲ್ಲದು. ವಿಭೂತಿ, ನೀರು, ಒಂದು ಹೂವು ಇದ್ದರೆ ಪೂಜೆಗೆ ಯಾವ ಕೊರತೆಯೂ ಇಲ್ಲ. ಪೂರ್ವದ ದಂಡೆಯ ಕಿಟಕಿಯಲ್ಲಿ ಆ ಹೊತ್ತಿಗೆ ಸೂರ್ಯನ ಕಿರಣಗಳು ನೀರಿನ ಮೇಲಿಂದ ನೇರವಾಗಿ ಕೋಣೆಯೊಳಕ್ಕೆ ಬರುತ್ತವೆ.

ಘಾರಾಪುರಿಯ ಒಂದು ಬೆಳಗು

ಲೇವಾದೇವಿ ಮುಗಿದು ಅರ್ಧ ದಿನ ಉಳಿದರೆ ಅಪೋಲೋ ಬಂದರಿನಿಂದ ದೋಣಿಯಲ್ಲಿ ಘಾರಾಪುರಿಗೆ ಹೋಗಿಬರಬಹುದು. ಎಲಿಫೆಂಟಾ ಎಂದು ಪ್ರಸಿದ್ಧವಾದ ದ್ವೀಪವಿದು. ಸುಮಾರು ಹತ್ತು ಕಿಲೋಮೀಟರು, ಒಂದು ಗಂಟೆಯ ಪಯಣ. ಸೋಮವಾರ ಗುಹೆಗಳಿಗೆ ರಜೆ. ದೊಡ್ಡ ಗುಹೆಯ ದಕ್ಷಿಣದ ಗೋಡೆಯಲ್ಲಿ ಸುಮಾರು ಇಪ್ಪತ್ತು ಅಡಿ ಎತ್ತರದ ಸದಾಶಿವನ ಮೂರು ಮುಖಗಳಿವೆ. ನಡುವಿನದು ಧ್ಯಾನಮಗ್ನ, ಒಂದು ಬದಿಯದು ಉಗ್ರ, ಇನ್ನೊಂದು ಬದಿಯದು ಸೌಮ್ಯ. ನಾಲ್ಕು ಬಾಗಿಲುಗಳ ಗರ್ಭಗುಡಿಯಲ್ಲಿ ಲಿಂಗವಿದೆ. ಬಾಗಿಲುಗಳ ಇಕ್ಕೆಲಗಳಲ್ಲಿಯೂ ಆಳೆತ್ತರವನ್ನು ಮೀರಿದ ದ್ವಾರಪಾಲಕರಿದ್ದಾರೆ. 1987ರಲ್ಲಿ ಇದಕ್ಕೂ ವಿಶ್ವ ಪರಂಪರೆಯ ಮನ್ನಣೆ ದೊರೆತಿದೆ.

ದೋಣಿ ಹತ್ತಿದೊಡನೆ ಪ್ರಾಣರಕ್ಷಕ ಜಾಕೀಟನ್ನು ಕೇಳಿ ತೊಡಬೇಕು, ಸೆಖೆಯೆಂದು ಬದಿಗಿಡಬಾರದು. 2024ರ ಡಿಸೆಂಬರ್ 18ರಂದು ಇದೇ ಹಾದಿಯ ದೋಣಿಗೆ ನೌಕಾದಳದ ವೇಗದ ದೋಣಿಯೊಂದು ಡಿಕ್ಕಿ ಹೊಡೆದು ಹಲವರು ಪ್ರಾಣ ಕಳೆದುಕೊಂಡರು.

2008ರ ಆ ರಾತ್ರಿ

ಈಗ ಕುಂದಾಪುರದ ಹುಡುಗನ ಮಾತಿಗೆ ಬರೋಣ. 2008ರ ನವೆಂಬರ್ 26ರ ಬುಧವಾರ ರಾತ್ರಿ ಹತ್ತು ಮಂದಿ ಶಸ್ತ್ರಧಾರಿಗಳು ಕಡಲಿನಿಂದಲೇ ಬಂದು ಕೊಲಾಬಾದ ಬೆಸ್ತರ ಕೇರಿಯ ಬಳಿ ದಡ ಹತ್ತಿದರು. ಛತ್ರಪತಿ ಶಿವಾಜಿ ಟರ್ಮಿನಸ್ ನಿಲ್ದಾಣ, ಲಿಯೋಪೋಲ್ಡ್ ಉಪಾಹಾರ ಗೃಹ, ನರೀಮನ್ ಹೌಸ್, ಕಾಮಾ ಆಸ್ಪತ್ರೆಯ ಆವರಣ ಮುಂತಾದೆಡೆಗಳಲ್ಲಿ ದಾಳಿ ನಡೆಯಿತು. ದಂಡೆಯ ಹೋಟೆಲುಗಳು ಎರಡೂ ಕಡೆ ಗುರಿಯಾದವು: ಪೂರ್ವದಲ್ಲಿ ತಾಜ್, ಪಶ್ಚಿಮದಲ್ಲಿ ಓಬೆರಾಯ್-ಟ್ರೈಡೆಂಟ್. ತಾಜ್‌ನಲ್ಲಿ ಮುತ್ತಿಗೆ ಮುಗಿದದ್ದು 29ರ ಬೆಳಿಗ್ಗೆ. ಎಲ್ಲೆಡೆ ಸೇರಿ 166 ಜನ ಮಡಿದರು. ತಾಜ್ ಹೋಟೆಲಿನೊಳಗೆ ಅತಿಥಿಗಳೂ ನೌಕರರೂ ಸೇರಿ 31 ಮಂದಿ.

ಆ ರಾತ್ರಿ ಅಲ್ಲಿದ್ದ ಅತಿಥಿಗಳಲ್ಲಿ ಅನೇಕರು ಕೆಲಸದ ಮೇಲೆ ಬಂದವರೇ. ಒಂದು ಸಭಾಂಗಣದಲ್ಲಿ ಹಿಂದುಸ್ತಾನ್ ಯೂನಿಲಿವರ್ ಕಂಪನಿಯ ಔತಣ ನಡೆದಿತ್ತು. ಅದರ ಉಸ್ತುವಾರಿ ಹೊತ್ತಿದ್ದವಳು ಇಪ್ಪತ್ತನಾಲ್ಕರ ಹರೆಯದ ತರುಣಿ. ಗುಂಡಿನ ಸದ್ದು ಕೇಳಿದೊಡನೆ ಅವಳು ಬಾಗಿಲುಗಳಿಗೆ ಕೀಲಿ ಹಾಕಿಸಿದಳು, ದೀಪ ಆರಿಸಿದಳು, ಎಲ್ಲರನ್ನೂ ಮೇಜುಗಳ ಕೆಳಗೆ ಸದ್ದಿಲ್ಲದೆ ಮಲಗಲು ಹೇಳಿದಳು. ಒಂದೇ ಮನೆಯ ಇಬ್ಬರಿಗೂ ಒಟ್ಟಿಗೆ ಅಪಾಯವಾಗಬಾರದೆಂದು ಗಂಡ-ಹೆಂಡಿರನ್ನು ಬೇರೆ ಬೇರೆ ಕೂರಿಸಿದಳು. ಅವಳೂ ಅವಳ ಸಂಗಡಿಗರೂ ರಾತ್ರಿಯಿಡೀ ನೀರು ಕೊಡುತ್ತ, ಧೈರ್ಯ ಹೇಳುತ್ತ ಕಾದರು. ಬೆಳಗಿನ ಜಾವ ಪಡಸಾಲೆಗೆ ಬೆಂಕಿ ಬಿದ್ದಾಗ ಎಲ್ಲರೂ ಕಿಟಕಿಯಿಂದ ಹೊರಬಂದು ಅಗ್ನಿಶಾಮಕ ದಳದ ಏಣಿಯಿಂದ ಇಳಿದು ಬದುಕಿದರು.

ಹೋಟೆಲಿನ ಮುಖ್ಯ ವ್ಯವಸ್ಥಾಪಕರಾಗಿದ್ದವರು ಕರಮ್‌ಬೀರ್ ಕಾಂಗ್. ಅವರ ಪತ್ನಿಯೂ ಇಬ್ಬರು ಗಂಡುಮಕ್ಕಳೂ ಮೇಲಿನ ಅಂತಸ್ತಿನ ಮನೆಯಲ್ಲಿ ಬೆಂಕಿಗೆ ಆಹುತಿಯಾದರು. ಹಾಗಿದ್ದೂ ಅವರು ಅತಿಥಿಗಳನ್ನು ಹೊರಗೆ ಸಾಗಿಸುವ ಕೆಲಸವನ್ನು ಬಿಟ್ಟು ಕದಲಲಿಲ್ಲ. ಅಡುಗೆಮನೆಯ ನೌಕರರು ಅತಿಥಿಗಳನ್ನು ಮುಂದೆ ಬಿಟ್ಟು ತಾವು ಹಿಂದೆ ನಿಂತರು. ಅವರಲ್ಲಿ ಕೆಲವರು ಅಲ್ಲಿಯೇ ಮಡಿದರು.

ಆ ಕಟ್ಟಡದಲ್ಲಿ ಕನ್ನಡ ನಾಡಿನ ಋಣವೂ ಉಂಟು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ರಾಷ್ಟ್ರೀಯ ಭದ್ರತಾ ದಳದ ತುಕಡಿಯೊಡನೆ ಹೋಟೆಲಿನೊಳಗೆ ನುಗ್ಗಿದವರು. ಗಾಯಗೊಂಡ ಸಂಗಡಿಗನನ್ನು ಹೊರಗೆ ಕಳಿಸಿ, ತಾವು ಬೆನ್ನಟ್ಟಿ ಹೋಗಿ, ನವೆಂಬರ್ 28ರಂದು ವೀರಮರಣವನ್ನಪ್ಪಿದರು. ಆಗ ಅವರಿಗೆ 31 ವರ್ಷ. 2009ರ ಗಣರಾಜ್ಯೋತ್ಸವದಲ್ಲಿ ಅವರಿಗೆ ಅಶೋಕ ಚಕ್ರವನ್ನು ಪ್ರದಾನ ಮಾಡಲಾಯಿತು. ಬೆಂಗಳೂರಿನ ಯಲಹಂಕದ ಕಡೆಯ ಒಂದು ರಸ್ತೆ ಅವರ ಹೆಸರನ್ನು ಹೊತ್ತಿದೆ.

ಏಕೆ ನಿಂತರು?

ಹಿಂಬಾಗಿಲಿನ ದಾರಿ ನೌಕರರಿಗೆ ಅತಿಥಿಗಳಿಗಿಂತ ಚೆನ್ನಾಗಿ ಗೊತ್ತಿತ್ತು. ಓಡಿಹೋಗಬಹುದಾಗಿದ್ದವರು ಏಕೆ ನಿಂತರು ಎಂಬ ಪ್ರಶ್ನೆಯನ್ನು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕ ರೋಹಿತ್ ದೇಶಪಾಂಡೆ ಮತ್ತು ಅಂಜಲಿ ರೈನಾ ಅವರು ಕೈಗೆತ್ತಿಕೊಂಡು 2011ರಲ್ಲಿ ಒಂದು ಲೇಖನವನ್ನು ಬರೆದರು. ಅವರು ಕಂಡ ಕಾರಣಗಳು ನಮ್ಮ ಮನೆಗಳಿಗೂ ಅಂಗಡಿಗಳಿಗೂ ಅನ್ವಯಿಸುವಂಥವು. ಈ ಹೋಟೆಲು ಸಮೂಹವು ನೌಕರರನ್ನು ಆರಿಸುವಾಗ ಮಹಾನಗರಗಳಿಗಿಂತ ಸಣ್ಣ ಊರುಗಳ ಕಡೆಗೆ ಹೆಚ್ಚು ಒಲವು ತೋರುತ್ತಿತ್ತಂತೆ. ಕರ್ನಾಟಕದಲ್ಲಿ ಬೆಂಗಳೂರನ್ನು ಬಿಟ್ಟು ಮೈಸೂರು, ಮಣಿಪಾಲಗಳಿಗೆ ಹೋಗುತ್ತಿತ್ತಂತೆ. ಅಂಕಪಟ್ಟಿಗಿಂತ ಹಿರಿಯರಲ್ಲಿ ಗೌರವ, ಪರರ ಬಗ್ಗೆ ಅಕ್ಕರೆ ಇರುವವರನ್ನು ನೋಡಿ ಆರಿಸುತ್ತಿತ್ತು. ಬೇರೆಡೆ ಒಂದು ವರ್ಷದ ತರಬೇತಿಯಾದರೆ ಅಲ್ಲಿ ಹದಿನೆಂಟು ತಿಂಗಳು. ಅತಿಥಿಗೂ ಕಂಪನಿಗೂ ಹಿತದ ಘರ್ಷಣೆ ಬಂದರೆ ಅತಿಥಿಯ ಪಕ್ಷ ವಹಿಸಬೇಕೆಂದು ಅವರಿಗೆ ಕಲಿಸಲಾಗುತ್ತಿತ್ತು. ಅಂದು ಏನು ಮಾಡಬೇಕೆಂದು ಮೇಲಿನಿಂದ ಯಾವ ಅಪ್ಪಣೆಯೂ ಬಂದಿರಲಿಲ್ಲ. ದಿನನಿತ್ಯದ ರೂಢಿಯೇ ಅವರ ಕೈಹಿಡಿದು ನಡೆಸಿತು.

ಹೋಟೆಲಿನ ಒಂದು ಭಾಗ ಅದೇ ಡಿಸೆಂಬರ್ 21ರಂದು ಮತ್ತೆ ತೆರೆಯಿತು. ಸುಟ್ಟುಹೋಗಿದ್ದ ಹಳೆಯ ಭಾಗ 2010ರ ಆಗಸ್ಟ್ 15ರಂದು ಅತಿಥಿಗಳಿಗೆ ಬಾಗಿಲು ತೆರೆಯಿತು. ಕಲ್ಲು, ಗಾಜು, ಮರಗಳನ್ನು ಮರಳಿ ಕೂಡಿಸಲು ಇಪ್ಪತ್ತು ತಿಂಗಳು ಸಾಕಾದವು. ಆ ನೌಕರರ ಗುಣವನ್ನು ಕೂಡಿಸಲು ಎಷ್ಟು ತಲೆಮಾರು ಬೇಕಾಗಿದ್ದವು ಎಂಬುದನ್ನು ಯಾವ ಬಿಲ್ಲಿನಲ್ಲಿಯೂ ಬರೆಯಲಾಗದು.

ಕುಟುಂಬಗಳು ನೆನಪಿಡಬೇಕಾದದ್ದು

ಭಯಪಡಿಸುವುದು ನಮ್ಮ ಉದ್ದೇಶವಲ್ಲ. ಹೋಟೆಲಿನಲ್ಲಿ ಬಂದೂಕಿಗಿಂತ ಬೆಂಕಿ, ಹೊಗೆಗಳೇ ಸಾಮಾನ್ಯವಾದ ಅಪಾಯ. ಪ್ರವಾಸ ಹೊರಡುವವರು ಕೆಲವು ನಿಯಮಗಳನ್ನು ರೂಢಿ ಮಾಡಿಕೊಳ್ಳಬೇಕು.

ಹೋಟೆಲಿನ ಹೆಸರು, ದೂರವಾಣಿ ಸಂಖ್ಯೆ, ಕೋಣೆಯ ಸಂಖ್ಯೆಗಳನ್ನು ಮನೆಯವರಿಗೆ ತಿಳಿಸಿರಬೇಕು. ಕೋಣೆಗೆ ಬಂದೊಡನೆ ತುರ್ತು ಮೆಟ್ಟಿಲು ಎಲ್ಲಿದೆಯೆಂದು ನೋಡಿ, ನಡುವಿನ ಬಾಗಿಲುಗಳನ್ನು ಎಣಿಸಿಕೊಳ್ಳಬೇಕು. ಹೊಗೆ ತುಂಬಿದಾಗ ಕಣ್ಣು ಕಾಣದು, ಎಣಿಕೆಯೇ ದಾರಿ. ಬೆಂಕಿಯ ಸಮಯದಲ್ಲಿ ಲಿಫ್ಟನ್ನು ಬಳಸಲೇಬಾರದು. ಬಾಗಿಲು ತೆರೆಯುವ ಮುನ್ನ ಅದನ್ನು ಹಿಂಗೈಯಿಂದ ಮುಟ್ಟಿ ನೋಡಬೇಕು. ಬಿಸಿಯಿದ್ದರೆ ತೆರೆಯದೆ, ಒದ್ದೆ ಟವೆಲುಗಳಿಂದ ಸಂದು ಮುಚ್ಚಿ, ಕಿಟಕಿಯ ಬಳಿ ನಿಂತು, ದೂರವಾಣಿಯಿಂದ ತಿಳಿಸಬೇಕು. ಹೊಗೆಯಲ್ಲಿ ನಡೆಯಬೇಕಾಗಿ ಬಂದರೆ ಬಗ್ಗಿ, ನೆಲಕ್ಕೆ ಹತ್ತಿರವಾಗಿ ಸಾಗಬೇಕು. ಕೋಣೆಯ ಕೀಲಿ, ಚಪ್ಪಲಿ, ಕನ್ನಡಕ, ನಿತ್ಯದ ಔಷಧಿಗಳು ರಾತ್ರಿ ಕೈಗೆಟಕುವಲ್ಲಿರಲಿ. ಹೆಣ್ಣುಮಕ್ಕಳು ಒಂಟಿಯಾಗಿ ಪ್ರಯಾಣ ಮಾಡುವಾಗ ನೆಲಮಾಳಿಗೆಯ ಬದಲು ಮೇಲಿನ ಅಂತಸ್ತಿನ, ಲಿಫ್ಟಿಗೆ ಹತ್ತಿರವಾದ ಕೋಣೆಯನ್ನು ಕೇಳುವುದು ಲೇಸು.

ಇಷ್ಟು ಮಾಡಲು ಹತ್ತು ನಿಮಿಷವೂ ಬೇಡ. ಮನೆಯಲ್ಲಿ ಕಾಯುವವರಿಗೆ ಅದರಿಂದ ದೊರೆಯುವ ನೆಮ್ಮದಿ ದೊಡ್ಡದು.

ವ್ಯಾಪಾರದ ಮೂಲಧನ

ಅನ್ಯರ ಊರಿನಲ್ಲಿ ನಿದ್ರೆ ಹೋಗುವಾತ ತನ್ನ ಪ್ರಾಣವನ್ನೂ ಹಣವನ್ನೂ ಸರಕನ್ನೂ ಹೆಸರು ಗೊತ್ತಿಲ್ಲದವರ ಕೈಗೆ ಒಪ್ಪಿಸಿ ಕಣ್ಣು ಮುಚ್ಚುತ್ತಾನೆ. ಹೋಟೆಲಿನವರು ಮಾರುವುದು ಮಂಚವನ್ನಲ್ಲ, ಕಡಲಿನ ನೋಟವನ್ನೂ ಅಲ್ಲ. ಆ ಒಪ್ಪಿಸಿದ ನಂಬಿಕೆಯನ್ನು ಬೆಳಗಿನವರೆಗೆ ಕಾಯ್ದು ಮರಳಿ ಕೊಡುವುದೇ ಅವರ ಕಾಯಕ. ಬಾಡಿಗೆಯಲ್ಲಿ ಚೌಕಾಸಿ ಮಾಡೋಣ, ತೆರಿಗೆಯ ಲೆಕ್ಕ ನೋಡೋಣ. ಆದರೆ ಸಾಮಾನು ಹೊರುವವನನ್ನು, ಕೋಣೆ ಗುಡಿಸುವವಳನ್ನು, ರಾತ್ರಿ ಬಾಗಿಲು ಕಾಯುವ ಮುದುಕನನ್ನು ಬಹುವಚನದಿಂದ ಮಾತನಾಡಿಸುವುದಕ್ಕೆ ಯಾವ ಖರ್ಚೂ ಇಲ್ಲ. ಆಪತ್ತಿನಲ್ಲಿ ನಮ್ಮ ಕೈಹಿಡಿಯುವವರು ಅವರೇ.

ಇದೇ ಮಾತು ನಮ್ಮ ಗಾದಿಗೂ ಸಲ್ಲುತ್ತದೆ. ಹಳ್ಳಿಯಿಂದ ಬಂದ ಗಿರಾಕಿ ಬಟ್ಟೆಯ ಗುಣವನ್ನು ತಾನು ಅರಿಯದೆ ನಮ್ಮ ಮಾತನ್ನು ನಂಬಿ ಹಣ ಎಣಿಸುತ್ತಾನೆ. ಮದುವೆಯ ಜವಳಿಗೆಂದು ಬಂದ ತಾಯಿ ನಮ್ಮ ಅಳತೆಗೋಲನ್ನು ನಂಬುತ್ತಾಳೆ. ಅಲ್ಲಿ ನಾವು ಅತಿಥಿಗಳಾದರೆ ಇಲ್ಲಿ ನಾವು ಆತಿಥೇಯರು. ಮಕ್ಕಳಿಗೆ ಅಂಗಡಿಯನ್ನು ಒಪ್ಪಿಸುವಾಗ ಲಾಭದ ಗಣಿತದೊಡನೆ ಈ ಒಂದು ಪಾಠವನ್ನೂ ಕಲಿಸೋಣ. ಪ್ರವಾಸ ಹೋದ ಎಲ್ಲರೂ ಸುಖವಾಗಿ ಮನೆ ಸೇರಲಿ; ನಮ್ಮನ್ನು ನಂಬಿ ಬಂದವರೂ ಸುಖವಾಗಿ ತಮ್ಮ ಮನೆ ಸೇರಲಿ ಎಂದು ಹಾರೈಸುತ್ತೇವೆ.